ಮೊಲಕ್ಕೆ ಒಣಹುಲ್ಲು: ಜೇಬಿಗೆ ಭಾರವಾಗದ ಹಾಗೆ ಒಳ್ಳೆಯದನ್ನು ಕೊಳ್ಳುವುದು ಹೇಗೆ?

ನಮ್ಮ ಮನೆಗೆ ಬೆಲ್ಲ, ಗೋಲಿ ಅನ್ನುವ ಎರಡು ಮೊಲ ಬಂದ ದಿನ ಅಂಗಡಿಯವರು ಒಂದು ಪಂಜರ, ನೀರಿನ ಬಾಟಲಿ, ಬಣ್ಣಬಣ್ಣದ ಪೆಲೆಟ್ (ಗುಳಿಗೆಯಂಥ ಸಿದ್ಧ ಮೇವು) ತುಂಬಿದ ಡಬ್ಬಿ ಕೊಟ್ಟು ಕಳಿಸಿದರು. ಹುಲ್ಲಿನ ಮಾತೇ ಎತ್ತಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಕಂದು ಬಣ್ಣದ ಬೆಲ್ಲ ಊಟ ಬಿಟ್ಟು ಮೂಲೆ ಸೇರಿದಳು. ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಹುಲ್ಲು ಎಷ್ಟು ತಿನ್ನುತ್ತಾಳೆ?" ನಾನು ಗೋಲಿಯ ಮುಖ ನೋಡಿದೆ, ಗೋಲಿ ನನ್ನ ಮುಖ ನೋಡಿದ.

ಬೆಲ್ಲ ಹುಷಾರಾದಳು. ಆ ಸಂಜೆಯೇ ಅಪ್ಪನಿಗೆ ಫೋನ್ ಮಾಡಿದೆ. ಮಾಗಡಿ ಕಡೆಯವರು, ದನದ ಕೊಟ್ಟಿಗೆಯಲ್ಲೇ ಬೆಳೆದವರು. "ಸ್ವಲ್ಪ ಹುಲ್ಲು ಬೇಕಿತ್ತು" ಅಂದೆ. "ಯಾವ ಹುಲ್ಲು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತೊಡಕು ಇಲ್ಲೇ ಇದೆ. ನಮ್ಮ ಮಾತಿನಲ್ಲಿ ಬದುವಿನ ಗರಿಕೆಯೂ ಹುಲ್ಲು, ರಾಗಿ ಒಕ್ಕಿದ ಮೇಲೆ ಉಳಿಯುವುದೂ ಹುಲ್ಲು, ಹಡಗು ಹತ್ತಿ ಬರುವ ತಿಮೋತಿಯೂ ಹುಲ್ಲು. ಮೊಲದ ಹೊಟ್ಟೆಗೆ ಮಾತ್ರ ಮೂರೂ ಬೇರೆ ಬೇರೆ. ಅದನ್ನು ತಿಳಿಯದೆ ಕೊಳ್ಳಲು ಹೋದರೆ ಒಂದೋ ಪ್ಯಾಕೆಟ್ಟಿನ ಬೆಲೆಗೆ ತಲೆ ತಿರುಗುತ್ತದೆ, ಇಲ್ಲವೇ ಅಗ್ಗ ಅಂತ ಮುಗ್ಗಲು ಹುಲ್ಲು ಮನೆಗೆ ಬರುತ್ತದೆ. ನಾನು ಎರಡೂ ಮಾಡಿದ್ದೇನೆ.

ಮೊಲ ಮತ್ತು ಗಿನಿಪಿಗ್ ಸಾಕುವವರಿಗೆ ಇದನ್ನು ಬರೆಯುತ್ತಿದ್ದೇನೆ. ಹ್ಯಾಮ್‌ಸ್ಟರ್ ಇದ್ದರೆ ಹುಲ್ಲು ಗೂಡು ಕಟ್ಟಿಕೊಳ್ಳಲು ಒಂದು ಹಿಡಿ ಸಾಕು, ಅದರ ಊಟ ಬೇರೆ. ಮೊಲ, ಗಿನಿಪಿಗ್‌ಗಳ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಮೊಲದ ಮುಂದಿನ ಹಲ್ಲು ವರ್ಷಕ್ಕೆ 10 ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಅದನ್ನು ಸವೆಸುವುದು ಹುಲ್ಲು. ಹೊಟ್ಟೆಯನ್ನು ಸದಾ ಓಡುವಂತೆ ಇಡುವುದೂ ಹುಲ್ಲಿನ ನಾರೇ. ದೊಡ್ಡ ಮೊಲದ ಊಟದಲ್ಲಿ ಶೇಕಡಾ 80ರಷ್ಟು ಒಣಹುಲ್ಲೇ ಇರಬೇಕು ಅಂತ ವೈದ್ಯರು ಹೇಳುತ್ತಾರೆ. ಸೊಪ್ಪು, ಪೆಲೆಟ್ ಎಲ್ಲ ಉಪ್ಪಿನಕಾಯಿ ಲೆಕ್ಕ.

ಮೊದಲ ಹೆಜ್ಜೆ: ಯಾವ ಹುಲ್ಲು ಅಂತ ಗೊತ್ತು ಮಾಡಿಕೊಳ್ಳಿ

ಕಾಳು ಬಲಿಯುವ ಮೊದಲೇ, ಗಿಡ ಇನ್ನೂ ಹಸಿರಾಗಿರುವಾಗಲೇ ಕೊಯ್ದು ಒಣಗಿಸಿದರೆ ಅದು ಮೊಲಕ್ಕೆ ಬೇಕಾದ ಒಣಹುಲ್ಲು. ಪೆಟ್ ಅಂಗಡಿಯವರು 'ಹೇ' ಅನ್ನುವುದು ಇದನ್ನೇ. ಕಾಳು ಬಲಿತು, ತೆನೆ ಕೊಯ್ದು, ಒಕ್ಕಣೆ ಮುಗಿದ ಮೇಲೆ ಉಳಿಯುವ ಬಂಗಾರ ಬಣ್ಣದ ದಂಟು ಬೇರೆ ವಸ್ತು. ಗಿಡ ತನ್ನ ಸತ್ವವನ್ನೆಲ್ಲ ಕಾಳಿಗೆ ಕೊಟ್ಟಾಗಿರುತ್ತದೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇಕಡಾ 3–4 ಇದ್ದರೆ ಹೆಚ್ಚು. ಜೊತೆಗೆ ಮರಳಿನಂಥ ಸಿಲಿಕಾ ಜಾಸ್ತಿ. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ ಇದೆ, ಹಿಂಡಿ ಬೂಸಾ ಕಲಸಿ ಕೊಟ್ಟರೆ ನಡೆಯುತ್ತದೆ. ಎರಡು ಕೆಜಿ ಮೊಲಕ್ಕೆ ಅದು ಮುಖ್ಯ ಊಟ ಆಗುವುದಿಲ್ಲ.

ಹಾಗಂತ ಭತ್ತದ ಹುಲ್ಲು ದಂಡ ಅಲ್ಲ. ಪಂಜರದ ಕೆಳಗೆ ಹಾಸಲು ಅದಕ್ಕಿಂತ ಅಗ್ಗದ್ದು ಬೇರೆ ಇಲ್ಲ. ರಾಗಿ ಹುಲ್ಲು ಭತ್ತದ್ದಕ್ಕಿಂತ ಒಂದು ಕೈ ಮೇಲು. ಅಗಿಯಲು, ಆಟವಾಡಲು ಒಂದು ಹಿಡಿ ಕೊಡಬಹುದು. ನಮ್ಮ ಗೋಲಿ ರಾಗಿ ಹುಲ್ಲಿನ ಗೆಣ್ಣನ್ನು ಕಟಕಟ ಅಂತ ಕಡಿಯುತ್ತಾನೆ, ನಿಪ್ಪಟ್ಟು ತಿನ್ನುವವರ ಹಾಗೆ.

ಪೆಟ್ ಅಂಗಡಿಯಲ್ಲಿ ಸಿಗುವ ತಿಮೋತಿ ಚಳಿ ದೇಶದ ಹುಲ್ಲು. ಹದಿನೆಂಟನೇ ಶತಮಾನದಲ್ಲಿ ಅಮೆರಿಕದಲ್ಲಿ ಇದನ್ನು ಹರಡಿದ ಟಿಮೊಥಿ ಹ್ಯಾನ್ಸನ್ ಅನ್ನುವ ರೈತನ ಹೆಸರೇ ಹುಲ್ಲಿಗೂ ಬಂದಿದೆ. ಬಯಲುಸೀಮೆಯ ಬಿಸಿಲಿಗೆ ಇದು ಬರುವುದಿಲ್ಲ. ಹಾಗಾಗಿ ಇಲ್ಲಿ ಸಿಗುವುದರಲ್ಲಿ ಹೆಚ್ಚಿನದು ಹೊರಗಿನ ಸರಕು, ಬೆಲೆಯಲ್ಲಿ ಸಾಗಾಟದ ಖರ್ಚೂ ಸೇರಿರುತ್ತದೆ. ನಾರು ಜಾಸ್ತಿ, ಸುಣ್ಣದ ಅಂಶ (ಕ್ಯಾಲ್ಸಿಯಂ) ಕಡಿಮೆ, ದೊಡ್ಡ ಮೊಲಕ್ಕೆ ಹೇಳಿ ಮಾಡಿಸಿದ್ದು. ಪ್ಯಾಕೆಟ್ ಮೇಲೆ ಫಸ್ಟ್ ಕಟ್, ಸೆಕೆಂಡ್ ಕಟ್ ಅಂತ ಬರೆದಿರುತ್ತಾರೆ. ಮೊದಲ ಕೊಯ್ಲಿನದು ದಂಟು ಜಾಸ್ತಿ, ಒರಟು. ಎರಡನೆಯದರಲ್ಲಿ ಎಲೆ ಜಾಸ್ತಿ, ಮೆತ್ತಗೆ. ಮೂರನೆಯದು ರೇಷ್ಮೆ ಹಾಗೆ ಇರುತ್ತದೆ, ಮೊಲ ಮುಗಿಬಿದ್ದು ತಿನ್ನುತ್ತದೆ, ಆದರೆ ಹಲ್ಲಿಗೆ ಕೆಲಸ ಕಡಿಮೆ. ಹೆಚ್ಚಿನ ಮನೆಗೆ ಎರಡನೇ ಕೊಯ್ಲು ಸರಿಹೋಗುತ್ತದೆ.

ಕುದುರೆ ಮೆಂತೆ ಗೊತ್ತಲ್ವಾ? ಕೆಲವು ಕಡೆ ಕುದುರೆ ಮಸಾಲೆ ಸೊಪ್ಪು ಅಂತಾರೆ. ಅಂಗಡಿಯ ಪ್ಯಾಕೆಟ್ ಮೇಲೆ ಅದೇ ಅಲ್ಫಾಲ್ಫಾ. ಅದು ಹುಲ್ಲಿನ ಜಾತಿಯೇ ಅಲ್ಲ, ಹುರುಳಿ, ಅವರೆಗಳ ನೆಂಟ. ಪ್ರೋಟೀನ್ ಶೇಕಡಾ 16ರಿಂದ 20ರವರೆಗೆ ಇರುತ್ತದೆ, ಸುಣ್ಣದ ಅಂಶ ತಿಮೋತಿಯ ಎರಡು-ಮೂರು ಪಟ್ಟು. ಆರು ತಿಂಗಳೊಳಗಿನ ಮರಿಗೆ, ಗಬ್ಬದ ತಾಯಿಗೆ ಒಳ್ಳೆಯದು. ದೊಡ್ಡದಕ್ಕೆ ದಿನವೂ ಹಾಕಿದರೆ ತೊಂದರೆ. ಮೊಲದ ಮೈ ಊಟದಲ್ಲಿರುವ ಸುಣ್ಣವನ್ನು ಹೆಚ್ಚುಕಡಿಮೆ ಎಲ್ಲವನ್ನೂ ಹೀರಿಕೊಂಡು, ಹೆಚ್ಚಾದದ್ದನ್ನು ಉಚ್ಚೆಯಲ್ಲಿ ಹೊರಹಾಕುತ್ತದೆ. ನೆಲದ ಮೇಲೆ ಉಚ್ಚೆ ಒಣಗಿದ ಕಡೆ ಸುಣ್ಣ ಬಳಿದ ಹಾಗೆ ಬಿಳಿ ಕಲೆ ದಪ್ಪವಾಗಿ ಕಂಡರೆ ಎಚ್ಚರ. ಮುಂದೆ ಅದು ಮೂತ್ರಚೀಲದಲ್ಲಿ ಕೆಸರು, ಕಲ್ಲು ಆಗಬಹುದು. ಗಿನಿಪಿಗ್‌ಗೂ ಇದೇ ಮಾತು.

ಇನ್ನು ನಮ್ಮ ನೆಲದಲ್ಲೇ ಬರುವವು. ರೋಡ್ಸ್ ಹುಲ್ಲು ಬಿಸಿಲಿಗೆ ಒಗ್ಗುತ್ತದೆ, ದಂಟು ತೆಳ್ಳಗೆ, ಬೇಗ ಒಣಗುತ್ತದೆ. ನನ್ನ ಮಟ್ಟಿಗೆ ತಿಮೋತಿಯ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಗರಿಕೆ ಒಣಗಿಸಿದರೆ ಬಹಳ ಚೆನ್ನ. ಗಿನಿ ಹುಲ್ಲೂ ಆಗುತ್ತದೆ (ಹೆಸರು ಒಂದೇ ಅಂತ ಗಿನಿಪಿಗ್‌ಗೆ ಮೀಸಲು ಅಂದುಕೊಳ್ಳಬೇಡಿ, ಮೊಲಕ್ಕೂ ನಡೆಯುತ್ತದೆ). ನೇಪಿಯರ್ ಎಲ್ಲೆಲ್ಲೂ ಸಿಗುತ್ತದೆ, ಆದರೆ ಬಲಿತರೆ ಕಬ್ಬಿನ ಜಲ್ಲೆಯ ಹಾಗೆ ಆಗುತ್ತದೆ. ಅದರಲ್ಲಿ ಆಕ್ಸಲೇಟ್ ಅನ್ನುವ, ಸುಣ್ಣಕ್ಕೆ ಅಂಟಿಕೊಳ್ಳುವ ಅಂಶವೂ ಇದೆ. ಎಳೆಯ ಎಲೆ ಸ್ವಲ್ಪ ಬೆರೆಸಿ ಕೊಡಿ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಓಟ್ಸ್ ಹುಲ್ಲು ಉತ್ತರ ಭಾರತದ ಚಳಿಗಾಲದ ಮೇವು. ಸಿಕ್ಕರೆ ರುಚಿ ಬದಲಾವಣೆಗೆ ಒಳ್ಳೆಯದು.

ಹಸಿ ಜೋಳದ ತಂಟೆಗೆ ಮಾತ್ರ ಹೋಗಬೇಡಿ. ಕುಳೆ ಜೋಳ (ಕೊಯ್ದ ಬುಡದಿಂದ ಮತ್ತೆ ಚಿಗುರಿದ್ದು) ಮೇದು ದನ ಸತ್ತ ಕತೆ ಉತ್ತರ ಕರ್ನಾಟಕದ ಯಾವ ಹಳ್ಳಿಯಲ್ಲಿ ಕೇಳಿದರೂ ಹೇಳುತ್ತಾರೆ. ಎಳೆ ಜೋಳದಲ್ಲಿ, ಅದರಲ್ಲೂ ಮಳೆ ಕೈಕೊಟ್ಟಾಗ ಬಾಡಿದ ಗಿಡದಲ್ಲಿ, ಸಯನೈಡ್ ವಿಷ ಹುಟ್ಟುತ್ತದೆ.

ಎರಡನೇ ಹೆಜ್ಜೆ: ತಿಂಗಳಿಗೆ ಎಷ್ಟು ಬೇಕು?

ಪ್ಯಾಕೆಟ್ಟಿನ ಬೆಲೆ ನೋಡಬೇಡಿ, ಕೆಜಿ ಬೆಲೆ ನೋಡಿ. 400 ಗ್ರಾಂ ಪ್ಯಾಕೆಟ್ 360 ರೂಪಾಯಿ ಅಂದುಕೊಳ್ಳಿ. ಪರವಾಗಿಲ್ಲ ಅನಿಸುತ್ತದೆ. ಕೆಜಿಗೆ ಲೆಕ್ಕ ಹಾಕಿದರೆ 900 ರೂಪಾಯಿ, ಒಳ್ಳೆ ತುಪ್ಪದ ಬೆಲೆ!

ಎರಡು ಕೆಜಿ ತೂಗುವ ಮೊಲ ದಿನಕ್ಕೆ ಸುಮಾರು 80 ಗ್ರಾಂ ಒಣಹುಲ್ಲು ತಿನ್ನುತ್ತದೆ. ಕಣ್ಣಳತೆ ಬೇಕಾದರೆ, ಮೊಲದ ಮೈಯಷ್ಟು ದೊಡ್ಡ ಉಂಡೆ. ತುಳಿದು, ಎಳೆದು, ಮೇಲೆ ಕೂತು ಹಾಳು ಮಾಡುವುದು ಕಾಲು ಭಾಗ. ಮೊಲ ಅಂದ ಮೇಲೆ ಅದು ಇದ್ದದ್ದೇ. ಒಂದಕ್ಕೆ 100 ಗ್ರಾಂ ಹಿಡಿಯಿರಿ. ಎರಡಕ್ಕೆ ತಿಂಗಳಿಗೆ 6 ಕೆಜಿ. ಗಿನಿಪಿಗ್ ಒಂದಕ್ಕೆ ದಿನಕ್ಕೆ 40–50 ಗ್ರಾಂ ಇಟ್ಟುಕೊಂಡರೆ ಸಾಕು.

6 ಕೆಜಿಯನ್ನು 900ರ ದರದಲ್ಲಿ ಕೊಂಡರೆ 5,400 ರೂಪಾಯಿ. ಅಷ್ಟು ದುಡ್ಡು ಕೊಡಲಾಗದೆ ಜನ ಹುಲ್ಲು ಕಡಿಮೆ ಮಾಡಿ ಪೆಲೆಟ್ ಜಾಸ್ತಿ ಮಾಡುತ್ತಾರೆ. ಕಾಯಿಲೆ ಶುರುವಾಗುವುದೇ ಅಲ್ಲಿಂದ. ನಮ್ಮ ಮನೆಯ ಲೆಕ್ಕ ಈಗ ಹೀಗೆ: ಮೂರರಲ್ಲಿ ಎರಡು ಪಾಲು ಇಲ್ಲಿಯ ರೋಡ್ಸ್ ಹುಲ್ಲು, ಒಂದು ಪಾಲು ತಿಮೋತಿ. ಕೊಂಡ ರೋಡ್ಸ್ ಕೆಜಿಗೆ ನೂರರ ಆಸುಪಾಸಿನಲ್ಲಿ ಸಿಕ್ಕರೆ ತಿಂಗಳ ಖರ್ಚು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಎರಡು ರುಚಿ ಗೊತ್ತಿರುವ ಮೊಲ, ಒಂದು ಸಿಗದ ವಾರ ಉಪವಾಸ ಕೂರುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದಾಗ ಒಂದೇ ಬ್ರ್ಯಾಂಡ್ ನೆಚ್ಚಿಕೊಂಡವರ ಪಾಡು ನೋಡಬೇಕಿತ್ತು.

ಮೂರನೇ ಹೆಜ್ಜೆ: ಎಲ್ಲಿ ಕೇಳಬೇಕು?

ಪೆಟ್ ಅಂಗಡಿ ಕೊನೆಯ ಆಯ್ಕೆ. ಮೊದಲು ಕುದುರೆ ಇರುವ ಕಡೆ ವಿಚಾರಿಸಿ. ಕುದುರೆಯೂ ಮೊಲದ ಹಾಗೆಯೇ ಮುಗ್ಗಲು ಹುಲ್ಲು ತಡೆಯದ ಪ್ರಾಣಿ. ಅದಕ್ಕೆ ಹುಲ್ಲು ಕೊಡುವವರು ಧೂಳು, ಬೂಷ್ಟು ನೋಡಿಯೇ ತರಬೇಕು. ಬೆಂಗಳೂರು, ಮೈಸೂರಿನಲ್ಲಿ ರೇಸ್ ಕೋರ್ಸ್ ಇವೆ. ಯಲಹಂಕ ದಾಟಿ ದೇವನಹಳ್ಳಿ ಕಡೆ ಹೋದರೆ ಸವಾರಿ ಕಲಿಸುವ ಶಾಲೆಗಳಿವೆ. ಲಾಯದಲ್ಲಿ ಕೆಲಸ ಮಾಡುವವರನ್ನು "ನಿಮಗೆ ಹುಲ್ಲು ಯಾರು ಹಾಕ್ತಾರೆ?" ಅಂತ ಕೇಳಿ ನಂಬರ್ ತೆಗೆದುಕೊಳ್ಳಿ. ನೆನಪಿಡಿ, ಅವರ ಹತ್ತಿರ ಕುದುರೆ ಮೆಂತೆಯೂ ಇರುತ್ತದೆ. "ಮೆಂತೆ ಬೇಡ, ಹುಲ್ಲು ಮಾತ್ರ" ಅಂತ ಬಾಯಿಬಿಟ್ಟು ಹೇಳಿ.

ಎರಡನೆಯದು, ಮೇವು ಬೆಳೆಯುವ ರೈತರು ಮತ್ತು ಹೈನುಗಾರರು. ಊರಲ್ಲಿ ನೆಂಟರಿದ್ದರೆ ಸುಮ್ನೆ ಒಂದು ಫೋನ್. ಆದರೆ ಹಸುವಿಗೆ ಆದ ಹುಲ್ಲೆಲ್ಲ ಮೊಲಕ್ಕೆ ಆಗುತ್ತದೆ ಅಂದುಕೊಳ್ಳುವ ಹಾಗಿಲ್ಲ. ನಾಲ್ಕು ಪ್ರಶ್ನೆ ಕೇಳಿ: ಯಾವ ಹುಲ್ಲು? ಯಾವಾಗ ಕೊಯ್ದದ್ದು? ಕೊಯ್ದ ಮೇಲೆ ಮಳೆಗೆ ಸಿಕ್ಕಿತ್ತಾ? ಔಷಧಿ ಹೊಡೆದಿದ್ದೀರಾ? ಕೊನೆಯ ಪ್ರಶ್ನೆಗೆ "ಕಳೆಗೆ ಮಾತ್ರ ಹೊಡೆದಿದ್ದೀವಿ" ಅನ್ನುವ ಉತ್ತರ ಬಂದರೆ ಬೇಡ. ಕಳೆನಾಶಕ ಬಿದ್ದ ಹುಲ್ಲು ಮೊಲದ ಮುಂದೆ ಇಡುವಂಥದ್ದಲ್ಲ.

ಮೂರನೆಯದು, ಹಂಚಿಕೊಂಡು ಕೊಳ್ಳುವುದು. ಯಂತ್ರ ಕಟ್ಟಿದ ಒಂದು ಪೆಂಡಿ 15–20 ಕೆಜಿ ಬರುತ್ತದೆ. ಫ್ಲಾಟ್‌ನಲ್ಲಿ ಅಷ್ಟನ್ನು ಇಡುವುದು ಕಷ್ಟ. ನಮ್ಮ ಕಡೆ ಮೂರು ಮನೆಯವರು ಸೇರಿ ಒಂದು ತರಿಸುತ್ತೇವೆ. ಸಾಗಾಟದ ಖರ್ಚು ಮೂರು ಪಾಲಾಗುತ್ತದೆ, ಹುಲ್ಲು ಹಳತಾಗುವ ಮೊದಲೇ ಮುಗಿಯುತ್ತದೆ. ಲಿಫ್ಟಿನಲ್ಲಿ ಉದುರಿದ ಹುಲ್ಲನ್ನು ಯಾರು ಗುಡಿಸಬೇಕು ಅನ್ನುವ ಜಗಳ ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಚಿಕ್ಕ ಪ್ಯಾಕೆಟ್ ಒಂದು ತರಿಸಿ ನೋಡಿ, ಆಮೇಲೆ ದೊಡ್ಡದು. ಫೋಟೋದಲ್ಲಿ ಎಲ್ಲ ಹುಲ್ಲೂ ಹಸಿರೇ.

ಕಾಲವೂ ಮುಖ್ಯ. ದೊಡ್ಡ ಮೊತ್ತದಲ್ಲಿ ಕೊಳ್ಳುವುದಾದರೆ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಕೊಳ್ಳಿ, ಒಣ ಹವೆಯಲ್ಲಿ ಒಣಗಿದ್ದು ಸಿಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಲೆ ಇಳಿದಿದ್ದರೆ ಯಾಕೆ ಇಳಿದಿದೆ ಅಂತ ಮೊದಲು ಕೇಳಿ. ಕಟಾವಿನ ಹೊತ್ತಿಗೆ ಮಳೆ ಹಿಡಿದ ವರ್ಷವಂತೂ ಒಣ ಹವೆಯಲ್ಲೂ ಎರಡೆರಡು ಸಲ ನೋಡಿ ಕೊಳ್ಳಬೇಕು. 2021ರ ನವೆಂಬರ್ ನೆನಪಿದೆಯಲ್ವಾ? ಹೊಲದಲ್ಲಿ ಕೊಯ್ದು ಹಾಕಿದ ರಾಗಿ ಅಲ್ಲೇ ಮೊಳಕೆ ಬಂತು. ಅಂಥ ವರ್ಷದ ರಾಗಿ ಹುಲ್ಲು ಹಾಸಲೂ ಲಾಯಕ್ಕಲ್ಲ.

ನಾಲ್ಕನೇ ಹೆಜ್ಜೆ: ಕಣ್ಣು, ಮೂಗು, ಕೈ

ಒಂದು ಮಳೆಗಾಲದಲ್ಲಿ ಅಗ್ಗಕ್ಕೆ ಒಂದು ಪೆಂಡಿ ಸಿಕ್ಕಿತು ಅಂತ ತಂದು ಬಾಲ್ಕನಿಯಲ್ಲಿ ಟಾರ್ಪಾಲ್ ಹೊದಿಸಿ ಇಟ್ಟೆ. ಮಾರಿದವರು ಪೂರ್ತಿ ಒಣಗಿದೆ ಅಂದಿದ್ದರು, ಮೇಲಿಂದ ಹಾಗೆಯೇ ಇತ್ತು. ಮೂರನೇ ದಿನ ಹುಲ್ಲು ತೆಗೆಯಲು ಕೈ ಒಳಗೆ ತೂರಿಸಿದರೆ ಬೆಚ್ಚಗೆ ತಾಗಿತು, ಆಗ ತಾನೇ ಹಾಲು ಕರೆದ ಚೆಂಬಿನ ಹಾಗೆ. ಬಿಡಿಸಿದಾಗ ನಡುವಿನಲ್ಲಿ ಬೂದಿ ಬಣ್ಣದ ಪುಡಿ ಹೊಗೆಯಂತೆ ಎದ್ದಿತು. ಅದು ಬೂಷ್ಟಿನ ಬೀಜ. ಇಡೀ ಪೆಂಡಿ ಗೊಬ್ಬರದ ಗುಂಡಿಗೆ ಹೋಯಿತು. ನಾನು ಎರಡು ದಿನ ಸೀನಿದೆ.

ಅವತ್ತಿನಿಂದ ಹೀಗೆ ನೋಡುತ್ತೇನೆ. ಪೆಂಡಿಯ ಹಗ್ಗದ ನಡುವೆ ಕೈ ತೂರಿಸಿ. ಒಳಗೆ ತಣ್ಣಗೆ, ಒಣಗಿ ಇರಬೇಕು. ಬಿಸಿ ಇದ್ದರೆ ಅಲ್ಲಿಗೇ ಮಾತು ಮುಗಿಸಿ. ನಡುವಿನಿಂದಲೇ ಒಂದು ಹಿಡಿ ಎಳೆದು ತೆಗೆಯಿರಿ, ಮೇಲಿನದನ್ನು ನೋಡಿ ಏನೂ ತಿಳಿಯುವುದಿಲ್ಲ. ಮೂಗಿನ ಹತ್ತಿರ ಹಿಡಿಯಿರಿ. ಒಳ್ಳೆಯ ಹುಲ್ಲಿಗೆ ಒಂದು ಸಿಹಿ ಘಮ ಇರುತ್ತದೆ, ಹೊಸ ಚಹಾ ಸೊಪ್ಪಿನ ಡಬ್ಬಿ ತೆರೆದ ಹಾಗೆ. ವಾಸನೆಯೇ ಇಲ್ಲದಿದ್ದರೆ ಹಳೆಯದು. ಹಳೆ ಗೋಣಿಚೀಲದ, ಒದ್ದೆ ಬಟ್ಟೆ ಮುದ್ದೆ ಮಾಡಿಟ್ಟ ವಾಸನೆ ಬಂದರೆ ಮುಗ್ಗಲು. ಬೆಲ್ಲದ ಪಾಕ ಸೀದ ವಾಸನೆ, ತಂಬಾಕಿನ ವಾಸನೆ ಬಂದರೆ ಒಳಗೆ ಬಿಸಿಯಾಗಿ ಬೆಂದ ಹುಲ್ಲು.

ಆಮೇಲೆ ಬಿಸಿಲಿಗೆ ಹಿಡಿದು ಕೊಡವಿ. ಒಂದಷ್ಟು ಧೂಳು ಎಲ್ಲದರಲ್ಲೂ ಇರುತ್ತದೆ. ಬಿಳಿ ಹೊಗೆಯಂತೆ ಎದ್ದರೆ ಬೇಡ. ಬಣ್ಣ ತಿಳಿ ಹಸಿರು ಇದ್ದರೆ ಚೆನ್ನ. ಮೇಲ್ಪದರ ಬಿಸಿಲಿಗೆ ಹಳದಿ ತಿರುಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಒಳಗೆ ಹಸಿರಿದ್ದರೆ ಸಾಕು. ಕಪ್ಪು ಚುಕ್ಕೆ, ಬಿಳಿ ಜೇಡರ ಬಲೆಯಂಥ ಎಳೆ ಕಂಡರೆ ಬಿಡಿ. ಒಂದು ದಂಟು ಬಾಗಿಸಿ ನೋಡಿ. ಪಟ್ ಅಂತ ಮುರಿದರೆ ಒಣಗಿದೆ, ತಿರುಚಿದರೂ ಮುರಿಯದೆ ಜಗ್ಗಿದರೆ ಹಸಿ ಉಳಿದಿದೆ.

ಅನುಮಾನ ಇದ್ದರೆ ಉಪ್ಪಿನ ಪರೀಕ್ಷೆ ಮಾಡಿ, ಖರ್ಚಿಲ್ಲ. ಒಣಗಿದ ಗಾಜಿನ ಬಾಟಲಿಗೆ ಕತ್ತರಿಸಿದ ಹುಲ್ಲು ಒಂದು ಹಿಡಿ, ಪುಡಿ ಉಪ್ಪು ಒಂದೆರಡು ಚಮಚ ಹಾಕಿ. ಉಪ್ಪು ಉದುರುದುರಾಗಿರಬೇಕು, ಮೊದಲು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿಕೊಂಡರೆ ಒಳ್ಳೆಯದು. ಮುಚ್ಚಳ ಹಾಕಿ ಎರಡು ನಿಮಿಷ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ಹುಲ್ಲಿನಲ್ಲಿ ತೇವ ಶೇಕಡಾ 15ಕ್ಕಿಂತ ಜಾಸ್ತಿ ಇದೆ, ಕಟ್ಟಿಟ್ಟರೆ ಬೂಷ್ಟು ಬರುತ್ತದೆ. ಅಂಟದೆ ತಳಕ್ಕೆ ಉದುರಿದರೆ ಧೈರ್ಯವಾಗಿ ಕೊಳ್ಳಿ.

ತೇವದ ಹುಲ್ಲಿನಲ್ಲಿ ಜೇಬಿಗೂ ಪೆಟ್ಟು. 20 ಕೆಜಿಯ ಪೆಂಡಿಯಲ್ಲಿ ತೇವ ಶೇಕಡಾ 25 ಇದ್ದರೆ 5 ಕೆಜಿ ನೀರಿಗೇ ದುಡ್ಡು ಕೊಟ್ಟ ಹಾಗೆ. ಸರಿಯಾಗಿ ಒಣಗಿದ್ದರಲ್ಲಿ ನೀರು ಎರಡೂವರೆ-ಮೂರು ಕೆಜಿ ಇರುತ್ತದೆ. ಪೆಂಡಿ ಲೆಕ್ಕದಲ್ಲಿ ಮಾರುವವರ ಹತ್ತಿರ ಹೋಗುವಾಗ ಲಗೇಜ್ ತೂಗುವ ಕೈ ತಕ್ಕಡಿ ಇಟ್ಟುಕೊಳ್ಳಿ. ಪೆಂಡಿ ಎಲ್ಲ ಒಂದೇ ಗಾತ್ರ ಕಂಡರೂ ತೂಕ ಒಂದೇ ಇರುವುದಿಲ್ಲ.

ಬಿಡಿಸಿ ನೋಡುವಾಗ ಬೇರೆ ಗಿಡಗಳ ಮೇಲೂ ಕಣ್ಣಿರಲಿ. ಕಾಂಗ್ರೆಸ್ ಹುಲ್ಲು, ಅಂದರೆ ಪಾರ್ಥೇನಿಯಂ, ನಮ್ಮ ಕಡೆ ಮೇವಿನ ಜೊತೆ ಸೇರಿ ಬರುವುದು ಮಾಮೂಲು. ಒಣಗಿದರೂ ಅದರ ಸೀಳು ಸೀಳು ಎಲೆ, ಬಿಳಿ ಹೂವಿನ ಗುಂಡು ಗುರುತು ಸಿಗುತ್ತದೆ. ಲಂಟಾನದ ಎಲೆಯೂ ವಿಷವೇ. ಒಂದೆರಡು ಕಡ್ಡಿ ಇದ್ದರೆ ಆರಿಸಿ ಬಿಸಾಡಿ, ಜಾಸ್ತಿ ಇದ್ದರೆ ಆ ಹೊಲದ ಹುಲ್ಲೇ ಬೇಡ. ಪ್ಲಾಸ್ಟಿಕ್ ದಾರದ ತುಂಡು, ತಂತಿ ಇವನ್ನೂ ನೋಡಿಕೊಳ್ಳಿ.

ಐದನೇ ಹೆಜ್ಜೆ: ತಂದದ್ದನ್ನು ಕಾಪಾಡುವುದು

ನೆಲಕ್ಕೆ ತಾಗಿಸಿ ಇಡಬೇಡಿ. ಎರಡು ಇಟ್ಟಿಗೆ, ಮೇಲೊಂದು ಹಲಗೆ, ಅದರ ಮೇಲೆ ಗೋಣಿಚೀಲ ಅಥವಾ ತೂತು ಮಾಡಿದ ರಟ್ಟಿನ ಪೆಟ್ಟಿಗೆ. ಗಾಳಿ ಆಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಉಳಿದ ತೇವ ಒಳಗೇ ಬೆವರುತ್ತದೆ. ಗೋಡೆಗೂ ಒಂದು ಗೇಣು ದೂರ ಇರಲಿ. ಮಳೆಗಾಲದಲ್ಲಿ ಹೊರಗೋಡೆ ಬೆವರುವ ಮನೆಯಾದರೆ ಇದು ಇನ್ನೂ ಮುಖ್ಯ. ಇಲಿಯ ಹಾವಳಿ ಇದ್ದರೆ ಮುಚ್ಚಳದ ಪ್ಲಾಸ್ಟಿಕ್ ಡ್ರಮ್‌ಗೆ ಸುತ್ತ ತೂತು ಕೊರೆದು ಬಲೆ ಹೊಡೆಯಿರಿ. ಇಲಿ ಉಚ್ಚೆ ತಾಗಿದ ಹುಲ್ಲನ್ನು ಮೊಲಕ್ಕೆ ಕೊಡಬೇಡಿ.

ಬಿಸಿಲು ಬಂದ ದಿನ ವಾರದ ಹುಲ್ಲನ್ನು ಪೇಪರ್ ಮೇಲೆ ಒಂದು ಗಂಟೆ ಹರಡಿ, ಕೊಡವಿ, ಆಮೇಲೆ ತುಂಬಿಸಿ. ಮನೆಯಲ್ಲಿ ಯಾರಿಗಾದರೂ ಅಸ್ತಮಾ, ಸೀನಿನ ತೊಂದರೆ ಇದ್ದರೆ ಕೊಡವುವಾಗ ಮಾಸ್ಕ್ ಹಾಕಿಕೊಳ್ಳಲಿ. ಕೋವಿಡ್ ಕಾಲದ ಮಾಸ್ಕ್ ಇನ್ನೂ ಡ್ರಾಯರ್‌ನಲ್ಲಿ ಇದ್ದೇ ಇರುತ್ತವೆ.

ಆರನೇ ಹೆಜ್ಜೆ: ಟೆರೇಸ್ ಇದ್ದರೆ ನೀವೇ ಒಣಗಿಸಿ

ಸ್ವಂತ ಜಾಗ, ಊರಿನ ಹಿತ್ತಲು, ನಂಬಿಕೆಯ ತೋಟ ಇದ್ದವರಿಗೆ ಇದು. ಗರಿಕೆ ಅಥವಾ ಗಿನಿ ಹುಲ್ಲನ್ನು ಹೂ ಬಿಡುವ ಮುಂಚೆ ಕೊಯ್ಯಿರಿ. ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದರೆ ಒಂದು ದಿನ ಉಳಿಯುತ್ತದೆ. ತೆಳ್ಳಗೆ ಹರಡಿ, ದಿನಕ್ಕೆ ಎರಡು ಸಲ ತಿರುವಿ. ಬೇಸಿಗೆಯಲ್ಲಿ ಎರಡು-ಮೂರು ದಿನ ಸಾಕು. ಮೊದಲ ದಿನ ಬಿಸಿಲು, ಆಮೇಲೆ ನೆರಳು ಗಾಳಿ. ಸುಡು ಬಿಸಿಲಲ್ಲೇ ಬಿಟ್ಟರೆ ಹಸಿರು ಹೋಗಿ ಸತ್ವವೂ ಹೋಗುತ್ತದೆ. ರಾತ್ರಿ ಮಂಜು ಬೀಳದ ಹಾಗೆ ಒಳಗೆ ಎತ್ತಿಡಿ. ನಾಲ್ಕೈದು ಕೆಜಿ ಹಸಿ ಹುಲ್ಲು ಒಣಗಿದರೆ ಸಿಗುವುದು ಒಂದು ಕೆಜಿ. ಮೊದಲ ಸಲ ನೋಡಿದಾಗ ಯಾರೋ ಕದ್ದರೇನೋ ಅನಿಸುತ್ತದೆ.

ರಸ್ತೆ ಬದಿಯ ಗರಿಕೆ ಬೇಡ, ನಾಯಿ ಉಚ್ಚೆ ಮತ್ತು ವಾಹನದ ಹೊಗೆ. ಪಾರ್ಕಿನಲ್ಲಿ ಮೆಷಿನ್ ಕತ್ತರಿಸಿದ ಹುಲ್ಲೂ ಬೇಡ. ಅದು ಜಜ್ಜಿ ಗುಡ್ಡೆಯಾಗಿ ಗಂಟೆಗಳಲ್ಲೇ ಹುಳಿಯಲು ಶುರುವಾಗಿ ಮೊಲದ ಹೊಟ್ಟೆ ಉಬ್ಬಿಸುತ್ತದೆ. ಸಂಕಷ್ಟಿಯ ಮಾರನೆಯ ದಿನ ದೇವಸ್ಥಾನದಿಂದ ಗರಿಕೆ ತರಬಹುದಾ ಅಂತ ಒಬ್ಬರು ಕೇಳಿದ್ದರು. ಕುಂಕುಮ, ಎಣ್ಣೆ ಬಿದ್ದದ್ದು ಬೇಡ. ಗಣಪತಿಯದ್ದು ಗಣಪತಿಗೇ ಇರಲಿ.

ಮೇವು ಬೆಳೆಯುವ ಆಸೆ ಇದ್ದವರಿಗೆ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಮೇವು ಕೇಂದ್ರ ಇದೆ. ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಧಾರವಾಡದಲ್ಲಿದೆ. ಬೀಜ, ಬೇರಿನ ತುಂಡುಗಳ ಬಗ್ಗೆ ಅಲ್ಲಿ ವಿಚಾರಿಸಬಹುದು. ಹತ್ತು ಅಡಿ ಜಾಗದಲ್ಲಿ ರೋಡ್ಸ್ ಹುಲ್ಲು ಹಾಕಿದರೆ ಒಂದು ಮೊಲದ ಪೂರ್ತಿ ಊಟ ಆಗುವುದಿಲ್ಲ, ಪ್ಯಾಕೆಟ್ಟಿನ ಸಂಖ್ಯೆ ಮಾತ್ರ ಇಳಿಯುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ಕಷ್ಟ ಅರ್ಧಕ್ಕರ್ಧ ಕಡಿಮೆ. ಅಮೆರಿಕ, ಇಂಗ್ಲೆಂಡ್ ಕಡೆ ಊರಾಚೆ ಫಾರ್ಮ್‌ಗೆ ಹೋಗಿ ತಿಮೋತಿ, ಆರ್ಚರ್ಡ್ ಅಥವಾ ಮೆಡೋ ಹುಲ್ಲಿನ ಒಂದು ಬೇಲ್ ತಂದರೆ ಕೆಜಿ ಲೆಕ್ಕದಲ್ಲಿ ಪೆಟ್ ಅಂಗಡಿಗಿಂತ ಎಷ್ಟೋ ಅಗ್ಗ. ಅಮೆರಿಕದ ನೈರುತ್ಯ ರಾಜ್ಯಗಳಲ್ಲಿ 2020ರಿಂದ ಮೊಲಗಳಿಗೆ ಮಾರಕವಾದ ಒಂದು ವೈರಸ್ ರೋಗ ಹರಡಿದೆ. ಕಾಡು ಮೊಲ ಸತ್ತ ಸುದ್ದಿ ಇರುವ ಜಾಗದ ಹುಲ್ಲು ತರಬೇಡಿ. ಅದಕ್ಕೆ ಲಸಿಕೆ ಇದೆ, ನಿಮ್ಮ ವೈದ್ಯರನ್ನು ಕೇಳಿ.

ಏಳನೇ ಹೆಜ್ಜೆ: ಹೊಸ ಹುಲ್ಲಿಗೆ ನಿಧಾನವಾಗಿ ಬದಲಿಸಿ

ಹೊಸ ಹುಲ್ಲು ಎಷ್ಟೇ ಚೆನ್ನಾಗಿದ್ದರೂ ಒಂದೇ ದಿನ ಬದಲಿಸಬೇಡಿ. ಮೊದಲ ಎರಡು ದಿನ ಹಳೆಯದಕ್ಕೆ ಕಾಲು ಭಾಗ ಬೆರೆಸಿ, ಆಮೇಲೆ ಅರ್ಧ, ಹತ್ತು ದಿನದ ಹೊತ್ತಿಗೆ ಪೂರ್ತಿ. ಬೆಲ್ಲ ಮೊದಲ ವಾರ ರೋಡ್ಸ್ ಎಳೆಗಳನ್ನು ಮಾತ್ರ ಆರಿಸಿ ಪಕ್ಕಕ್ಕೆ ಎಸೆಯುತ್ತಿದ್ದಳು, ಉಪ್ಪಿಟ್ಟಿನಿಂದ ಕರಿಬೇವು ಎತ್ತಿಡುವ ಮಕ್ಕಳ ಹಾಗೆ. ಒಣ ಕೊತ್ತಂಬರಿ ಸೊಪ್ಪು ಒಂದು ಚಿಟಿಕೆ ಉದುರಿಸಿದೆ. ಮೂಗು ಆಡಿಸಿದಳು, ತಿಂದಳು. ಈಗ ರೋಡ್ಸ್ ಇಲ್ಲದಿದ್ದರೆ ತಟ್ಟೆ ಮಗುಚುತ್ತಾಳೆ.

ಆ ಹತ್ತು ದಿನ ಹಿಕ್ಕೆ ನೋಡುತ್ತಿರಿ. ಕಡಲೆಕಾಳಿನ ಗಾತ್ರ, ದುಂಡಗೆ, ತಿಳಿ ಕಂದು, ಒಡೆದರೆ ಒಳಗೆ ಹುಲ್ಲಿನ ನಾರು ಕಾಣುವಂತಿದ್ದರೆ ಹುಲ್ಲು ಹೊಂದಿದೆ. ಚಿಕ್ಕದಾಗಿ ಕಪ್ಪಾದರೆ ಹುಲ್ಲು ಸಾಲುತ್ತಿಲ್ಲ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಮುದುಡಿ ಕೂತರೆ ಹುಲ್ಲಿನ ವಿಚಾರ ಬಿಟ್ಟು ತಕ್ಷಣ ವೈದ್ಯರ ಹತ್ತಿರ ಓಡಿ. ನಾಳೆ ನೋಡೋಣ ಅನ್ನುವ ಕಾಯಿಲೆ ಅಲ್ಲ ಅದು. ಗಿನಿಪಿಗ್ ಇದ್ದವರಿಗೆ ಇನ್ನೊಂದು ಮಾತು: ಅದರ ಮೈ ವಿಟಮಿನ್ ಸಿ ತಯಾರಿಸುವುದಿಲ್ಲ, ಒಣಹುಲ್ಲಿನಲ್ಲೂ ಅದು ಸಿಗುವುದಿಲ್ಲ. ದಿನಕ್ಕೊಂದು ತುಂಡು ದಪ್ಪ ಮೆಣಸಿನಕಾಯಿ ಮರೆಯಬೇಡಿ.

ಮೊಲ ಮುಟ್ಟದೆ ಬಿಟ್ಟ ಒರಟು ದಂಟು ದಿನವೂ ಉಳಿಯುತ್ತದೆ. ಅದನ್ನು ಬಿಸಾಡುವುದಿಲ್ಲ. ಹಿಕ್ಕೆ ಸಮೇತ ಕುಂಡದ ಬುಡಕ್ಕೆ ಹಾಸುತ್ತೇನೆ. ಈ ಸಲ ಬಾಲ್ಕನಿಯ ಟೊಮೆಟೊ ಗಿಡ ನನ್ನ ಎದೆಯೆತ್ತರ ಬಂದಿದೆ. ಎಲೆಗೆ ಬೆಲ್ಲಳ ಬಾಯಿ ಎಟಕದ ಹಾಗೆ ಈಗ ಅದಕ್ಕೊಂದು ಬೇಲಿ ಕಟ್ಟಬೇಕಾಗಿದೆ, ಟೊಮೆಟೊ ಎಲೆ ಮೊಲಕ್ಕೆ ಆಗದು.